ಭಾವನ ಬೋಟಿನ ವಿಎಚ್‌ಎಫ್ ಸೆಟ್: ದುರಸ್ತಿಯ ದಿನಚರಿ

ಜುಲೈ 8

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಭಾವನ ಟ್ರಾಲ್ ಬೋಟು ಮಲ್ಪೆಯ ದಕ್ಕೆಯಲ್ಲೇ ಇದೆ. ಕಳೆದ ಋತುವಿನ ಕೊನೆಯಲ್ಲಿ ಅದರ ವಿಎಚ್‌ಎಫ್ ಸೆಟ್ಟಿನಲ್ಲಿ, ಅಂದರೆ ಬೋಟುಗಳು ಪರಸ್ಪರ ಮಾತನಾಡುವ ರೇಡಿಯೊದಲ್ಲಿ, ಬೇರೆ ಬೋಟುಗಳ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಇಲ್ಲಿಂದ ಆಡಿದ ಮಾತು ಎರಡು ಮೂರು ಮೈಲಿಗಿಂತ ಆಚೆ ಯಾರಿಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. "ಸೆಟ್ಟೇ ಹೋಗಿದೆ ಮಾರಾಯ, ಹೊಸದು ತರುವ" ಎಂದು ಭಾವ ಹೊರಟಿದ್ದರು. ಸ್ವಲ್ಪ ತಡೆಯಿರಿ ಎಂದೆ. ಕೇಳುವಾಗ ಸೆಟ್ಟಿಗೆ ಅರ್ಧ ಆಂಪಿಯರ್ ಸಾಕು. 25 ವ್ಯಾಟ್‌ನಲ್ಲಿ ಮಾತನಾಡುವಾಗ ಐದಾರು ಆಂಪಿಯರ್ ಬೇಕು. ಹಾಗಾಗಿ ವೈರು, ಜೋಡಣೆಗಳ ದೋಷ ಮಾತನಾಡುವಾಗಲೇ ಹೊರಬೀಳುತ್ತದೆ.

ಜುಲೈ 9

ಆಂಟೆನಾ ಕಳಚಿ, ಅದರ ಬದಲಿಗೆ ಸೆಟ್ಟಿನ ಶಕ್ತಿಯನ್ನು ಗಾಳಿಗೆ ಬಿಡದೆ ತಾನೇ ಹೀರಿಕೊಳ್ಳುವ 50 ಓಮ್‌ನ ಡಮ್ಮಿ ಲೋಡ್ ಜೋಡಿಸಿಕೊಂಡೆ. 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್ ಅಪಾಯದ ಕರೆಗಳಿಗೆಂದು ಇರುವುದರಿಂದ ಪರೀಕ್ಷೆಗೆ ಬೇರೆ ಚಾನೆಲ್ ಆರಿಸಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್ ಇತ್ತು, ಆದರೆ ಮೈಕಿನ ಗುಂಡಿ ಒತ್ತಿದೊಡನೆ ಸೆಟ್ಟಿನ ಹಿಂಬದಿಯಲ್ಲಿ 10.4ಕ್ಕೆ ಇಳಿದು ಪರದೆಯ ಬೆಳಕು ಮಂಕಾಯಿತು. ಫ್ಯೂಸ್ ಹೋಲ್ಡರ್ ಬಿಚ್ಚಿದಾಗ ಒಳಗಿನ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ದಪ್ಪವಾಗಿ ಕಟ್ಟಿಕೊಂಡಿತ್ತು. ಬಿಸಿಗೆ ಪ್ಲಾಸ್ಟಿಕ್ಕಿನ ಒಂದು ಬದಿ ಕಂದಾಗಿತ್ತು. ಹೋಲ್ಡರ್ ಬದಲಿಸಿ, ಬ್ಯಾಟರಿಯಿಂದ ದಪ್ಪ ವೈರು ನೇರವಾಗಿ ಎಳೆದ ಮೇಲೆ ಮಾತನಾಡುವಾಗಲೂ 12.1 ವೋಲ್ಟ್ ನಿಂತಿತು. ಡಮ್ಮಿ ಲೋಡಿಗೆ 23 ವ್ಯಾಟ್ ಬಂತು. ಸೆಟ್ಟು ಗಟ್ಟಿಯಾಗಿದೆ.

ಜುಲೈ 12

ಆಂಟೆನಾ ಜೋಡಿಸಿ ನೋಡಿದರೆ ಎಸ್‌ಡಬ್ಲ್ಯುಆರ್ 1.7 ಎಂದು ಮೀಟರ್ ತೋರಿಸಿತು. ಕಳುಹಿಸಿದ ಅಲೆಯಲ್ಲಿ ಎಷ್ಟು ಹಿಂತಿರುಗುತ್ತಿದೆ ಎಂಬುದರ ಅಳತೆ ಇದು, 1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು. ಇದು ಒಪ್ಪಬಹುದಾದ ಅಂಕಿ ಎಂದುಕೊಂಡು ಎರಡು ದಿನ ಮೈಕಿನ ವೈರನ್ನು ಸುಮ್ಮನೆ ತಡಕಾಡಿದೆ. ಸೆಟ್ಟಿನಿಂದ ಆಂಟೆನಾಗೆ ಹೋಗುವ ಕೇಬಲ್ಲೇ ಶಕ್ತಿಯನ್ನು ನುಂಗುತ್ತಿದ್ದರೆ ಆಂಟೆನಾ ಕಡೆಯಿಂದ ಹಿಂತಿರುಗುವ ಅಲೆಯೂ ದಾರಿಯಲ್ಲೇ ಸವೆದುಹೋಗುವುದರಿಂದ, ಸೆಟ್ಟಿನ ಬಳಿ ಅಳೆದ ಎಸ್‌ಡಬ್ಲ್ಯುಆರ್ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂಬುದು ಆಮೇಲೆ ಹೊಳೆಯಿತು. ಕೂಡಲೇ ಡಮ್ಮಿ ಲೋಡನ್ನೂ ಮೀಟರನ್ನೂ ಆಂಟೆನಾ ಕಂಬದ ತುದಿಗೆ ಒಯ್ದು ಕೇಬಲ್ಲಿನ ಮೇಲ್ತುದಿಯಲ್ಲಿ ಅಳೆದೆ. ಕೆಳಗೆ ಕೊಟ್ಟ 23 ವ್ಯಾಟ್‌ನಲ್ಲಿ ಮೇಲೆ ತಲುಪಿದ್ದು ಬರೇ 7. ತೆಳ್ಳಗಿನ ಆರ್‌ಜಿ-58 ಕೇಬಲ್ 15 ಮೀಟರಿನಲ್ಲಿ ಹೇಗೂ ಅರ್ಧದಷ್ಟು ತಿನ್ನುತ್ತದೆ, ಇಲ್ಲಿ ಅದಕ್ಕೂ ಹೆಚ್ಚು ಹೋಗಿತ್ತು.

ಜುಲೈ 14

ಕೇಬಲ್ಲನ್ನು ಆಂಟೆನಾಗೆ ಜೋಡಿಸುವ ಮೇಲ್ತುದಿಯ ಪಿಎಲ್-259 ಕನೆಕ್ಟರ್ ಕತ್ತರಿಸಿದಾಗ ಒಳಗಿನಿಂದ ಎರಡು ಹನಿ ನೀರು ಬೆರಳಿನ ಮೇಲೆ ಬಿತ್ತು. ಕೇಬಲ್ಲಿನ ನಡುತಂತಿಯನ್ನು ಸುತ್ತುವರಿದ ತಾಮ್ರದ ಹೆಣಿಗೆ ಕಪ್ಪಾಗಿತ್ತು. ಒಂದು ಅಡಿ ಕೆಳಗೆ ಕತ್ತರಿಸಿದರೂ ಕಪ್ಪೇ, ಮೂರು ಅಡಿಗೂ ಕಪ್ಪೇ. ತುದಿಯಿಂದ ಹೊಕ್ಕ ನೀರು ಹೆಣಿಗೆಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಹರಡುತ್ತದೆ, ಆದ್ದರಿಂದ ತುದಿಯನ್ನಷ್ಟೇ ಕತ್ತರಿಸಿ ಹೊಸ ಕನೆಕ್ಟರ್ ಹಾಕುವ ರಿಪೇರಿಯನ್ನು ನಾನು ನಂಬುವುದಿಲ್ಲ. ದಪ್ಪನೆಯ, ಕಡಿಮೆ ಶಕ್ತಿ ತಿನ್ನುವ ಆರ್‌ಜಿ-213 ಕೇಬಲ್ ಪೂರ್ತಿ ಹೊಸದಾಗಿ ಎಳೆದು, ನಡುವಿನ ಪಿನ್ನನ್ನೂ ಹೆಣಿಗೆಯನ್ನೂ ಬೆಸುಗೆ ಹಾಕಿ, ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಮೇಲ್ತುದಿಯಲ್ಲಿ ಈಗ 17 ವ್ಯಾಟ್. ಆಂಟೆನಾ ಜೋಡಿಸಿದಾಗ ಎಸ್‌ಡಬ್ಲ್ಯುಆರ್ 1.3.

ದೂರದ ಪರೀಕ್ಷೆ ಬಾಕಿಯಿದೆ. ಆಗಸ್ಟ್‌ನಲ್ಲಿ ಬೋಟು ಇಳಿದಾಗ ಸೇಂಟ್ ಮೇರೀಸ್ ದ್ವೀಪ ದಾಟಿದ ಮೇಲೆ ಅರ್ಧ ಗಂಟೆಗೊಮ್ಮೆ ಕರೆಯುವುದಾಗಿ ಭಾವ ಒಪ್ಪಿದ್ದಾರೆ. ನಾನು ದಕ್ಕೆಯಲ್ಲಿ ಇನ್ನೊಂದು ಬೋಟಿನ ಸೆಟ್ಟಿನ ಮುಂದೆ ಕುಳಿತು, ಅವರ ಮಾತು ಎಲ್ಲಿಯವರೆಗೆ ಕೇಳುತ್ತದೆ ಎಂದು ಬರೆದುಕೊಳ್ಳುತ್ತೇನೆ.