ಮಲಕಾಲ್‌ನಲ್ಲಿ ಕಂಡ ಯುಗಾದಿಯ ಚಂದ್ರ

ನಮ್ಮ ಮಂಡ್ಯ ಸೀಮೆಯಲ್ಲಿ ಯುಗಾದಿ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಮೊದಲ ದಿನ ಎಣ್ಣೆನೀರು, ಬೇವುಬೆಲ್ಲ, ಹೊನ್ನಾರು ಎಂಬ ವರ್ಷದ ಮೊದಲ ಉಳುಮೆ, ಒಬ್ಬಟ್ಟು. ಮರುದಿನ ಹೊಸತೊಡಕಿನ ಬಾಡೂಟ, ಸಂಜೆ ಬಿದಿಗೆಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು. ಕಾಲಿಗೆ ಬೀಳದೆ ಹೋದರೆ ಅವ್ವನ ಲೆಕ್ಕದಲ್ಲಿ ಹಬ್ಬವೇ ಆದಂತಲ್ಲ. 2023ರ ಯುಗಾದಿಗೆ ನಾನಿದ್ದದ್ದು ದಕ್ಷಿಣ ಸುಡಾನಿನ ಮಲಕಾಲ್ ಪಟ್ಟಣದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಸೇರಿದ ಭಾರತೀಯ ತುಕಡಿಯ ಪಶುವೈದ್ಯ ವಿಭಾಗದಲ್ಲಿ. 2011ರಲ್ಲಿ ಆ ದೇಶ ಸ್ವತಂತ್ರವಾದಾಗಿನಿಂದ ಈ ಪಡೆ ಅಲ್ಲಿದೆ. ನಾನಿದ್ದ ಕಾಲದಲ್ಲಿ ಅದರಲ್ಲಿ ನಮ್ಮ ದೇಶದ ಸೈನಿಕರೇ 2,000ಕ್ಕೂ ಹೆಚ್ಚು ಇದ್ದರು.

ಬೇವಿಗಾಗಿ ಅಲೆಯಬೇಕಾದೀತು ಎಂದು ಹೊರಡುವಾಗ ಅವ್ವ ಒಣಗಿಸಿದ ಬೇವಿನ ಹೂವನ್ನು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದಳು. ಹೋಗಿ ನೋಡಿದರೆ ಊರಿನ ನೆರಳೆಲ್ಲ ಬೇವಿನದೇ. ಅಲ್ಲಿನವರು ಅದನ್ನು ಕರೆಯುವುದೂ 'ನೀಮ್' ಎಂದೇ. ಶ್ವೇತ ನೈಲ್ ನದಿಯ ದಂಡೆಯಲ್ಲಿ ಮಾವಿನ ಮರಗಳೂ ಇದ್ದವು. ಬೆಲ್ಲವೊಂದು ಬೇಕಿತ್ತು, ರಜೆ ಮುಗಿಸಿ ಬಂದ ಹಾಸನದ ಗೆಳೆಯ ಎರಡು ಕಿಲೋ ಅಚ್ಚುಬೆಲ್ಲ ತಂದಿದ್ದ. ನಮ್ಮ ಶಿಬಿರದಲ್ಲಿ ಕನ್ನಡ ಮಾತಾಡುವವರು ನಾಲ್ವರು: ಹಾಸನದವನು, ಕೊಡಗಿನವನು, ಬೆಳಗಾವಿಯವನು ಮತ್ತು ನಾನು. ಬೇವನ್ನು ಬೆಲ್ಲದ ಜೊತೆ ಕುಟ್ಟಿ ತಿನ್ನುವುದು ನಮ್ಮ ರೂಢಿ. ಬೇವೆಂದರೆ ಮಾವಿನಕಾಯಿ, ಪುಟಾಣಿಯೆಲ್ಲ ಹಾಕಿ ಬೆಲ್ಲದ ನೀರಿನಲ್ಲಿ ಕಲಸಿ ಕುಡಿಯುವುದೆಂದು ಬೆಳಗಾವಿಯವನ ಪಟ್ಟು. ಕೊನೆಗೆ ಎರಡನ್ನೂ ಮಾಡಿದೆವು.

ಮಾರ್ಚ್ 22ರ ಬುಧವಾರ, ಮನೆಯಲ್ಲಿ ಬೆಳಿಗ್ಗೆ ಆರು ಗಂಟೆಯಾದಾಗ ಮಲಕಾಲ್‌ನಲ್ಲಿ ರಾತ್ರಿ ಎರಡೂವರೆ. ಎದ್ದು ಕೂತು ಕರೆ ಮಾಡಿದೆ. ಹೆಂಡತಿ ಫೋನನ್ನು ಮನೆಯೆಲ್ಲ ತಿರುಗಿಸಿ ತೋರಿಸಿದಳು. ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡು ಕೂತ ಐದು ವರ್ಷದ ಮಗಳು ಕಣ್ಣುರಿಯೆಂದು ಅಳುತ್ತಿದ್ದಳು. ಹಟ್ಟಿಯಲ್ಲಿ ಅಪ್ಪ ಎತ್ತುಗಳ ಮೈ ತೊಳೆಯುತ್ತಿದ್ದರು. ಆ ವರ್ಷ ಪಂಚಾಂಗದಲ್ಲಿ ಬಂದ ಹೆಸರಿನವರ ಆರು, ಅಂದರೆ ಎತ್ತು ಕಟ್ಟಿದ ನೇಗಿಲು, ಮುಂದೆ, ಅದರ ಹಿಂದೆ ಊರಿನವರ ಆರುಗಳೆಲ್ಲ ಹೊಲಕ್ಕೆ ಹೋಗುವುದು ನಮ್ಮಲ್ಲಿ ಹೊನ್ನಾರಿನ ಕ್ರಮ. ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾದರೂ ಅಪ್ಪ ಒಂದು ಜೊತೆ ಎತ್ತು ಇಟ್ಟುಕೊಂಡಿರುವುದಕ್ಕೆ ಈ ದಿನವೂ ಒಂದು ಕಾರಣ.

ನನ್ನ ಹೊನ್ನಾರು ಆ ದಿನ ಬೇರೆ ರೀತಿಯಲ್ಲಿ ಆಯಿತು. ಶಿಬಿರದ ಹೊರಗೆ ಜಾನುವಾರುಗಳ ಚಿಕಿತ್ಸೆ ಇಟ್ಟುಕೊಂಡಿದ್ದೆವು. ಹಗಲಿನ ಸೆಕೆ ನಲವತ್ತು ಡಿಗ್ರಿ ದಾಟುವುದರಿಂದ ಬೆಳಗಾಗುತ್ತಲೇ ದನಗಳು ಬಂದು ನಿಂತಿದ್ದವು. ಮಲಕಾಲ್ ಶಿಲ್ಲುಕ್ ಜನರ ನೆಲ. ದಿಂಕಾ, ನ್ಯೂಯರ್ ಜನರೂ ಅಲ್ಲಿದ್ದಾರೆ. ಅವರಲ್ಲಿ ಮದುವೆಗೆ ತೆರ ಕೊಡುವುದು ದನಗಳಲ್ಲಿ. ಎತ್ತಿನ ಬಣ್ಣವನ್ನೇ ಅದರ ಹೆಸರಾಗಿಸುತ್ತಾರೆ. ನಮ್ಮ ಬೆಳ್ಳ, ಕರಿಯ, ಮಾಸ ಎಂಬ ಹೆಸರುಗಳು ಬಂದಿರುವುದೂ ಹಾಗೆಯೇ ಎಂದು ದುಭಾಷಿಯ ಮೂಲಕ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. ಉಣುಗು ಬಿಡಿಸುವುದು, ಜಂತುಹುಳುವಿನ ಔಷಧ ಕುಡಿಸುವುದು, ಇವೆಲ್ಲ ದಿನದ ಕೆಲಸ. ಆ ಬೆಳಿಗ್ಗೆ ಬಂದ ಒಂದು ದೊಡ್ಡ ಕೋಡಿನ ಬಿಳಿ ಎತ್ತಿನ ಹೆಗಲಿನಲ್ಲಿ ಹುಳು ಬಿದ್ದ ಗಾಯವಿತ್ತು. ಹುಳುವನ್ನೆಲ್ಲ ತೆಗೆದು, ತೊಳೆದು, ಔಷಧ ಹಚ್ಚಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ನೊಣ ಕೂರದಿರಲೆಂದು ಅದರ ಯಜಮಾನ ಉಳಿದ ಮೈಗೆಲ್ಲ ಬೂದಿ ಬಳಿದ; ಅವರ ಪದ್ಧತಿ ಅದು. ಹಬ್ಬದ ದಿನ ಬೂದಿ ಮೆತ್ತಿದ ಎತ್ತನ್ನು ಎದುರಿಗೆ ಕಂಡು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಅವನ ಒಪ್ಪಿಗೆ ಕೇಳಿ, ತೋರಣದಲ್ಲಿ ಉಳಿದಿದ್ದ ಮಾವಿನ ಎಲೆಗಳನ್ನು ಎತ್ತಿನ ಕೋಡಿಗೆ ಕಟ್ಟಿದೆ. ಕಾಲಡಿಯ ಮಣ್ಣನ್ನು ಬೆಳಗಾವಿಯವನು ಹಿಡಿಯಲ್ಲಿ ತೆಗೆದುಕೊಂಡು ಹಿಸುಕಿ ನೋಡಿ, "ನಮ್ಮ ಎರಿ ಹೊಲದ ಮಣ್ಣನ ಐತಿ ನೋಡ್ರಿ" ಎಂದ. ಮಳೆಗಾಲದಲ್ಲಿ ಅದೇ ಕಪ್ಪು ಮಣ್ಣು ನಮ್ಮ ವಾಹನಗಳ ಚಕ್ರವನ್ನು ಬಿಡದೆ ಹಿಡಿದುಕೊಳ್ಳುತ್ತದೆ.

ಮಧ್ಯಾಹ್ನ ಲಂಗರ್‌ನಲ್ಲಿ, ಅಂದರೆ ಶಿಬಿರದ ಊಟದ ಮನೆಯಲ್ಲಿ, ಬೇವುಬೆಲ್ಲ ಹಂಚಿದೆವು. ಪಂಜಾಬಿನವರು, ತಮಿಳರು, ಗಢವಾಲಿನವರು ಎಲ್ಲರೂ ಕೈಯೊಡ್ಡಿದರು. ಹಿಂದಿನವರ ಒಂದು ನೆನಪನ್ನು ಅಲ್ಲಿ ಆಡಬೇಕೆನಿಸಿತು, ಆಡಿದೆವು. 2013ರ ಏಪ್ರಿಲ್ 9ರಂದು ಇದೇ ದೇಶದ ಜೊಂಗ್ಲೇ ಪ್ರಾಂತ್ಯದ ಗುಮುರುಕ್ ಬಳಿ ಬೆಂಗಾವಲು ಪಡೆಯ ಮೇಲೆ ಹೊಂಚುದಾಳಿ ನಡೆದು ನಮ್ಮ ಐವರು ಸೈನಿಕರು ತೀರಿಕೊಂಡರು. ಆ ವರ್ಷದ ಯುಗಾದಿ ಏಪ್ರಿಲ್ 11ಕ್ಕೆ ಇತ್ತು. ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿಲ್ಲ.

ಮರುದಿನ ಹೊಸತೊಡಕಿಗೆ ಶೀತಲೀಕರಿಸಿದ ಕೋಳಿಯಲ್ಲಿ ಸಾರು ಮಾಡಿಕೊಂಡೆವು. ನನ್ನ ಮನಸ್ಸೆಲ್ಲ ಸಂಜೆಯ ಮೇಲಿತ್ತು. ಮನೆಯವರು ಚಂದ್ರನನ್ನು ನೋಡುವ ಏಳು ಗಂಟೆಗೆ ನಮ್ಮಲ್ಲಿ ಮೂರೂವರೆಯ ಸುಡುಬಿಸಿಲು. ನಮ್ಮಲ್ಲಿ ಚಂದ್ರ ಕಾಣುವ ಹೊತ್ತಿಗೆ ಊರಿನಲ್ಲಿ ಅದು ಮುಳುಗಿ, ಹಳ್ಳಿ ಮಲಗಿರುತ್ತದೆ. ಚಂದ್ರನನ್ನು ನೋಡದೆ ಕಾಲಿಗೆ ಬೀಳುವುದು ಸರಿಯಲ್ಲ, ನೀನು ನೋಡುವವರೆಗೂ ಕಾಯುತ್ತೇವೆ ಎಂದು ಅವ್ವ ಮೊದಲೇ ಹೇಳಿದ್ದಳು. ಕತ್ತಲಾಗುತ್ತಲೇ ಪಶ್ಚಿಮದಲ್ಲಿ ಮೇಲೆ ಶುಕ್ರ, ಕೆಳಗೆ ಗುರು, ನಡುವೆ ಎಳೆಯ ಚಂದ್ರ ಕಂಡವು. ಕೂಡಲೇ ಕರೆ ಮಾಡಿದೆ. ಊರಿನಲ್ಲಿ ರಾತ್ರಿ ಹತ್ತೂಕಾಲು. ಅಪ್ಪ ಅವ್ವ ಇಬ್ಬರೂ ಜಗಲಿಯ ಮೇಲೆ ಮಣೆಗೆ ಕಾಲಿಟ್ಟು ಕೂತಿದ್ದರು. ಮಗಳು ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ಚಂದ್ರ ಕಾಣಿಸ್ತಾ ಮಗಾ?"

"ಕಾಣಿಸ್ತವ್ವ."

ಹೆಂಡತಿ ಫೋನನ್ನು ಅವರ ಪಾದಗಳ ಹತ್ತಿರ ಹಿಡಿದಳು. ನಾನು ನನ್ನ ಫೋನನ್ನು ಮರಳಿನ ಚೀಲಕ್ಕೆ ಒರಗಿಸಿ ನಿಲ್ಲಿಸಿ, ಆ ಕಪ್ಪು ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದು ನಮಸ್ಕರಿಸಿದೆ. ಎದ್ದು ನೋಡಿದಾಗ ನೆಟ್‌ವರ್ಕ್ ಕಡಿದು ಚಿತ್ರ ನಿಂತುಹೋಗಿತ್ತು. ಮತ್ತೆ ಬಂದಾಗ ಅವ್ವ ಹಿಡಿ ತುಂಬ ಅಕ್ಷತೆಯನ್ನು ಫೋನಿನ ಮೇಲೆ ಹಾಕುತ್ತಿದ್ದಳು; ಅಕ್ಕಿಕಾಳು ಗಾಜಿಗೆ ತಾಗುವ ಸದ್ದು ನನಗೆ ಕೇಳಿಸಿತು. ಅಪ್ಪ ಅಷ್ಟು ಹೊತ್ತು ಸುಮ್ಮನಿದ್ದವರು, ಹಿಂದಿನ ದಿನ ನಾನು ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, "ಆ ಬಿಳಿ ಎತ್ತಿಗೆ ಈಗ ಹೆಂಗದೆ?" ಎಂದು ಕೇಳಿದರು. ಗಾಯ ಒಣಗುತ್ತಿದೆ, ನಾಳೆ ಮತ್ತೆ ಹೋಗಿ ನೋಡುತ್ತೇನೆ ಎಂದೆ.