ಬಯಾಲಜಿ ಗೊತ್ತಿಲ್ಲದವರಿಗೂ ಪೋಸ್ಟ್‌ಡಾಕ್ ಸಿಗುತ್ತಾ?

ಊರಿಗೆ ಹೋದಾಗೆಲ್ಲ ಇದೇ ಪ್ರಶ್ನೆ. ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ ಮೇಲೆ ಲ್ಯಾಬಿನಲ್ಲಿ ಕೆಲ ಕಾಲ ಮಾಡುವ ಸಂಶೋಧನೆ ಕೆಲಸ. ವಿರಾಜಪೇಟೆಯಲ್ಲಿ ಮದುವೆ ಊಟಕ್ಕೆ ಕೂತರೂ ಯಾರಾದರೂ ಬಂದು ಕೇಳುತ್ತಾರೆ: "ಅಕ್ಕಾ, ಕಂಪ್ಯೂಟರ್ ಸೈನ್ಸಲ್ಲಿ ಪಿಎಚ್‌ಡಿ ಮುಗೀತು. ಬಯೋಮೆಡಿಕಲ್ ಡೇಟಾದಲ್ಲಿ ಪೋಸ್ಟ್‌ಡಾಕ್ ಮಾಡೋ ಆಸೆ. ಆದ್ರೆ ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟಿದ್ದು. ಸಿಗುತ್ತಾ?"

ಸಿಗುತ್ತದೆ. ಬಯೋಮೆಡಿಕಲ್ ಡೇಟಾ ಅಂದ್ರೆ ರೋಗಿಗಳ ದಾಖಲೆ, ಜೀನುಗಳ ಮಾಹಿತಿ ಇಂಥವು. ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಓದಿದವರು ಈ ಕೆಲಸದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಯಾಲಜಿ ಕೆಲಸ ಮಾಡುತ್ತಾ ಬರುತ್ತದೆ. ನಿಮಗೆ ಡೇಟಾ ಮೇಲೆ ಅನುಮಾನ ಬರುತ್ತದಾ ಅನ್ನೋದೇ ಮುಖ್ಯ.

ಮಿಮಿಕ್-3 ಅಂತ ಒಂದು ಡೇಟಾ ಇದೆ, ಬೋಸ್ಟನ್ನಿನ ಒಂದು ಆಸ್ಪತ್ರೆಯ ಐಸಿಯು ದಾಖಲೆಗಳು. ಚಿಕ್ಕದೊಂದು ಆನ್‌ಲೈನ್ ಕೋರ್ಸ್ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಿದರೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ರೋಗಿಗಳ ವಯಸ್ಸು ಲೆಕ್ಕ ಹಾಕಿ ನೋಡಿ, ಕೆಲವರಿಗೆ 300 ದಾಟಿರುತ್ತದೆ! 89 ದಾಟಿದವರ ಗುರುತು ಯಾರಿಗೂ ಹತ್ತಬಾರದು ಅಂತ ಅವರ ಹುಟ್ಟಿದ ದಿನಾಂಕವನ್ನು ಬೇಕಂತಲೇ ಹಿಂದಕ್ಕೆ ತಳ್ಳಿದ್ದಾರೆ. ಇದನ್ನು ಗಮನಿಸದೆ ಸರಾಸರಿ ತೆಗೆದು, ಅದರ ಮೇಲೆ ದೊಡ್ಡ ಮಾಡೆಲ್ ಕಟ್ಟಿದರೆ ಏನು ಬಂತು? ಇನ್ನು ಎಕ್ಸೆಲ್ಲಿನ ಕಥೆ. ಸೆಪ್ಟ್2 ಅನ್ನೋ ಜೀನಿನ ಹೆಸರನ್ನು ಅದು ಸುಮ್ನೆ ಸೆಪ್ಟೆಂಬರ್ 2 ಮಾಡಿಬಿಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಇಂಥ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ಹಾಗಾಗಿ ನನ್ನ ಮಾತು ಇಷ್ಟೇ: ಇಂಥ ಒಂದು ಡೇಟಾ ತಗೊಳ್ಳಿ, ಅದರ ಮೇಲೆ ಬಂದಿರುವ ಒಂದು ಪೇಪರಿನ ಲೆಕ್ಕ ನಿಮ್ಮ ಕೈಯಲ್ಲೂ ಹಾಗೇ ಬರುತ್ತದಾ ನೋಡಿ, ಬರದಿದ್ದರೆ ಯಾಕೆ ಅಂತ ಬರೆದು ಕೋಡ್ ಸಮೇತ ಗಿಟ್‌ಹಬ್‌ಗೆ (ಕೋಡ್ ಎಲ್ಲರಿಗೂ ಕಾಣುವಂತೆ ಇಡುವ ವೆಬ್‌ಸೈಟ್) ಹಾಕಿ. ಲ್ಯಾಬಿಗೆ ಬರೆಯುವ ಇಮೇಲ್‌ನ ಎರಡನೇ ಸಾಲಲ್ಲೇ ಅದರ ಲಿಂಕ್ ಇರಲಿ. "ರೆಸ್ಪೆಕ್ಟೆಡ್ ಸರ್" ಅಂತ ಒಂದೇ ಇಮೇಲನ್ನು ಊರಿಗೆಲ್ಲ ಕಳಿಸಿದರೆ ಯಾರೂ ಓದಲ್ಲ.

ಎಲ್ಲಿ ಅಂತ ಕೇಳಿದರೆ, ಮೊದಲು ಬೆಂಗಳೂರೇ ನೋಡಿ. ಐಐಎಸ್‌ಸಿ, ಜೀವವಿಜ್ಞಾನದ ಎನ್‌ಸಿಬಿಎಸ್, ನಿಮ್ಹಾನ್ಸ್, ಬಯೋಇನ್ಫರ್ಮ್ಯಾಟಿಕ್ಸ್ (ಕಂಪ್ಯೂಟರಿನಿಂದ ಬಯಾಲಜಿ ಡೇಟಾ ಓದುವುದು) ಕಲಿಸುವ ಐಬ್ಯಾಬ್ ಎಲ್ಲಾ ಇವೆ. 10,000 ಭಾರತೀಯರ ಜೀನೋಮ್ (ಇಡೀ ಡಿಎನ್‌ಎ) ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುಂದೆ ನಿಂತು ನಡೆಸಿದ್ದು ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಸಂಬಳದ ಬಗ್ಗೆ ಅತ್ತೆಯಂದಿರೇ ಜಾಸ್ತಿ ಕೇಳೋದು, ಅವರಿಗೂ ಹೇಳಿಬಿಡುತ್ತೇನೆ: ಕೇಂದ್ರ ಸರ್ಕಾರ 2023ರಲ್ಲಿ ಪರಿಷ್ಕರಿಸಿದ ಪ್ರಕಾರ ರಿಸರ್ಚ್ ಅಸೋಸಿಯೇಟ್‌ಗೆ (ಪಿಎಚ್‌ಡಿ ಆದವರ ಹುದ್ದೆ) ತಿಂಗಳಿಗೆ 58,000ದಿಂದ 67,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಐಟಿ ಕಂಪನಿಗೆ ಹೋಲಿಸಿದರೆ ಕಡಿಮೆಯೇ.

ಹೊರದೇಶಕ್ಕೆ ಹೋಗೋದಾದರೆ, ಯುರೋಪಿಯನ್ ಒಕ್ಕೂಟ ಪೋಸ್ಟ್‌ಡಾಕ್‌ಗಳಿಗೆ ಕೊಡುವ ಮೇರಿ ಕ್ಯೂರಿ ಫೆಲೋಶಿಪ್‌ನಲ್ಲಿ ದುಡ್ಡು ಚೆನ್ನಾಗಿದೆ. ಒಂದು ನಿಯಮ ನೆನಪಿಡಿ: ಯಾವ ದೇಶಕ್ಕೆ ಹೋಗಬೇಕೋ ಅಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಜರ್ಮನಿಯಲ್ಲೇ ಪಿಎಚ್‌ಡಿ ಮುಗಿಸಿ ಈಗಲೂ ಅಲ್ಲೇ ಇರುವವರು ಬೇರೆ ದೇಶ ಹುಡುಕಬೇಕು.

"ತೋಟದ ಮನೆಯಲ್ಲೇ ಕೂತು ಮಾಡಬಹುದಾ, ಕಾಫಿ ಕೊಯ್ಲಿಗೂ ಆಗುತ್ತೆ ಅಲ್ವಾ" ಅಂತ ಮಾವಂದಿರು ಕೇಳುತ್ತಾರೆ. ಲೆಕ್ಕ ಓಡೋದು ದೂರದ ಸರ್ವರ್ (ದೊಡ್ಡ ಕಂಪ್ಯೂಟರ್) ಮೇಲೆ, ಹಾಗಾಗಿ ಜುಲೈ ಮಳೆಗೆ ಕರೆಂಟ್ ಹೋದರೂ ಅದು ನಿಲ್ಲಲ್ಲ. ಆದರೆ ರೋಗಿಗಳ ಡೇಟಾವನ್ನು ಮನೆ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಎಷ್ಟೋ ಕಡೆ ಬಿಡಲ್ಲ. ಸೇರುವ ಮುಂಚೆಯೇ ಲ್ಯಾಬಿನವರನ್ನು ಇದನ್ನು ನೇರವಾಗಿ ಕೇಳಿಬಿಡಿ.