ಘಾಟಿ ಇಳಿಯುವ ಮುನ್ನ ಕಮಾನುಗಾಡಿ

ತೀರ್ಥಹಳ್ಳಿಯಿಂದ ಘಾಟಿಯ ತಲೆಯಲ್ಲಿರುವ ಆಗುಂಬೆಗೆ 30 ಕಿ.ಮೀ.ಗೂ ಹೆಚ್ಚು. ಗಂಟೆಗೆ ಮೂರ್ನಾಲ್ಕು ಕಿ.ಮೀ. ಸಾಗುವ, ಕಮಾನು ಹೊದಿಸಿದ ಎತ್ತಿನಗಾಡಿಗೆ ಅದು ಪೂರ್ತಿ ಒಂದು ಹಗಲಿನ ದಾರಿ. ಹಾಗಾಗಿ ಆಗಿನ ಗಾಡಿದಾರಿಯ ಹೋಟೆಲಿಗೆ ಊಟದ ಪಂಕ್ತಿಗಿಂತ ಕೊಟ್ಟಿಗೆ, ಹುಲ್ಲು, ನೀರು ಮುಖ್ಯವಾಗಿತ್ತು. ಎತ್ತು ಮಲಗಿ ಮೆಲುಕು ಹಾಕದಿದ್ದರೆ ಮರುದಿನದ ಪಯಣವೇ ಇಲ್ಲ.

ಬೆಳಿಗ್ಗೆ ಮೊದಲು ನೋಡಬೇಕಾದ್ದು ಚಕ್ರ. ಚಕ್ರ ಕಳಚದಂತೆ ತಡೆಯುವ ಕಡಾಣಿ ಬಿಗಿಯಾಗಿದೆಯೇ, ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೇ? ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿ, ಚಕ್ರದ ಸುತ್ತಿನ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಮರ ಉಬ್ಬಿ ಪಟ್ಟಿ ಕಚ್ಚಿಕೊಳ್ಳುತ್ತದೆ, ಆದರೆ ಅದು ಊರು ಮುಟ್ಟುವ ಮಟ್ಟಿಗೆ ಮಾತ್ರ. ಸರಿಯಾದ ದುರಸ್ತಿ ಕುಲುಮೆಯಲ್ಲೇ ಆಗಬೇಕು: ಪಟ್ಟಿಯನ್ನು ಕೊಂಚ ಕತ್ತರಿಸಿ ಬೆಸೆದು, ಕೆಂಪಗೆ ಕಾಯಿಸಿ ತೊಡಿಸಿ, ಕೂಡಲೇ ನೀರು ಹೊಯ್ಯಬೇಕು.

ಚಕ್ರದ ನಂತರ ಹೇರು ನೋಡಬೇಕು. ಭಾರ ಹಿಂದಾದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಒತ್ತುತ್ತದೆ. ಮುಂದಾದರೆ ಇಳಿಜಾರಿನಲ್ಲಿ ಹೇರೆಲ್ಲ ಹೆಗಲಿಗೇ.